ನಾಲ್ಕು ಗೂಟಗಳ ನಡುವಿನ ನೆಲ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಪ್ರಯಾಣ ಮಾಡಿದ ವಾಚಕರು, ಸುಮಾರು 50 ಕಿಲೋಮೀಟರು ಸಾಗುವ ಹೊತ್ತಿಗೆ ಎಡಗಡೆಯಲ್ಲಿ ಶಿವಗಂಗೆಯ ಬೆಟ್ಟವನ್ನು ಕಂಡೇ ಇರುತ್ತಾರೆ. ಸಮುದ್ರ ಮಟ್ಟದಿಂದ 1,300 ಮೀಟರಿಗೂ ಮಿಕ್ಕ ಎತ್ತರವುಳ್ಳ ಈ ಕಲ್ಲುಬೆಟ್ಟದ ಆಸುಪಾಸಿನ ಸೀಮೆಯೇ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ. ಬೆಟ್ಟಕ್ಕೆ ಯಾತ್ರಿಕರು ಬರುತ್ತಾರೆ. ದಾಬಸ್‌ಪೇಟೆಯ ಪಕ್ಕದಲ್ಲಿ ಎದ್ದಿರುವ ಸೋಂಪುರ ಕೈಗಾರಿಕಾ ಪ್ರದೇಶಕ್ಕೆ ಲಾರಿಗಳು ಬರುತ್ತವೆ. ಇವೆರಡರ ನಡುವೆ ರಾಗಿಯ ಹೊಲ, ನೀಲಗಿರಿಯ ತೋಪು, ಬತ್ತಿದ ಹಳ್ಳ, ಅಲ್ಲಲ್ಲಿ ಒಂದೊಂದು ಕೆರೆ. ಇವನ್ನು ನೋಡಲೆಂದೇ ಬರುವವರು ಯಾರೂ ಇಲ್ಲ.

ನಾವು ಒಂದು ಮಳೆಗಾಲದಲ್ಲಿ ಅಲ್ಲಿಗೆ ಹೋದುದು ಅವನ್ನು ನೋಡಲೆಂದೇ. ಆ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರು ಉಪಾಧ್ಯಾಯರಾಗಿದ್ದಾರೆ. ಏಳನೆಯ ತರಗತಿಯ ಮಕ್ಕಳಿಗೆ ಪರಿಸರದ ಪಾಠವನ್ನು ಬಯಲಿನಲ್ಲಿಯೇ ಹೇಳಬೇಕೆಂದು ಅವರಿಗೆ ಆಸೆ. ಜೊತೆಗೊಬ್ಬರಿರಲಿ ಎಂದು ನಮ್ಮನ್ನು ಕರೆದಿದ್ದರು. ನಾವು ದುರ್ಬೀನು, ಭೂತಗನ್ನಡಿ, ಪಕ್ಷಿಗಳ ಚಿತ್ರವಿರುವ ದಪ್ಪ ಪುಸ್ತಕ ಇವುಗಳನ್ನೆಲ್ಲ ಹೊತ್ತುಕೊಂಡು ಹೋದೆವು. ನಮ್ಮ ಸ್ನೇಹಿತರು ತಂದಿದ್ದುದು ನಾಲ್ಕು ಗೂಟ, ಒಂದು ಹಗ್ಗ, ಒಂದು ಹಾಲಿನ ಪುಡಿಯ ಡಬ್ಬ, ಮತ್ತು ಇನ್ನೂರು ಪುಟದ ಒಂದು ನೋಟುಪುಸ್ತಕ. ಆ ದಿನ ನಮ್ಮ ಸಾಮಾನುಗಳಲ್ಲಿ ಉಪಯೋಗಕ್ಕೆ ಬಂದುದು ಭೂತಗನ್ನಡಿಯೊಂದೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಶಾಲೆಯ ಹಿಂದೆ, ಕಾಂಪೌಂಡಿಗೂ ಒಂದು ಹೊಂಗೆಯ ಮರಕ್ಕೂ ನಡುವೆ ಸ್ವಲ್ಪ ಪಾಳು ನೆಲ ಉಳಿದಿದೆ. ಅಲ್ಲಿ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಚೌಕವನ್ನು ಅಳೆದು, ನಾಲ್ಕು ಮೂಲೆಗೂ ಗೂಟ ಹೊಡೆದು, ಹಗ್ಗವನ್ನು ಸುತ್ತಿಸಿದರು. ಹಗ್ಗದ ಒಳಗೆ ಯಾರೂ ಕಾಲಿಡತಕ್ಕದ್ದಲ್ಲ, ಏನನ್ನೂ ಕೀಳತಕ್ಕದ್ದಲ್ಲ. ಸುತ್ತ ಕುಳಿತುಕೊಂಡು ನೋಡತಕ್ಕದ್ದು. “ಒಳಗೆ ಎಷ್ಟು ಬಗೆಯ ಗಿಡಗಳಿವೆ?” ಎಂಬುದು ಮೊದಲನೆಯ ಪ್ರಶ್ನೆ.

ಮಕ್ಕಳು ಒಂದು ನಿಮಿಷ ನೋಡಿ, “ಮೂರು ಸಾರ್” ಎಂದರು. ಹುಲ್ಲು, ಕಳೆ, ಕಾಂಗ್ರೆಸ್ ಗಿಡ. ಉಪಾಧ್ಯಾಯರು ಏನನ್ನೂ ಹೇಳದೆ ನೋಟುಪುಸ್ತಕದಲ್ಲಿ ‘3’ ಎಂದು ಬರೆದರು. ಸುಮ್ಮನಿರಲಾರದೆ ನಾವು ಬಾಯಿ ತೆರೆಯುವುದರಲ್ಲಿದ್ದೆವು. ಅವರು ಕಣ್ಣಿನಲ್ಲಿಯೇ ನಮ್ಮನ್ನು ತಡೆದರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು ಹುಡುಗಿ ಮೆಲ್ಲಗೆ, “ಸಾರ್, ಅದು ಕಳೆ ಅಲ್ಲ, ತುಂಬೆ. ನಮ್ಮಜ್ಜಿ ಪೂಜೆಗೆ ಕೀಳ್ತಾರೆ” ಎಂದಳು. ಅದು ಕಟ್ಟೆ ಒಡೆದಂತಾಯಿತು. ಉತ್ತರಾಣಿ, ನೆಲನೆಲ್ಲಿ, ವಿಷ್ಣುಕ್ರಾಂತಿ, ನೆಗ್ಗಿಲು, ಗರಿಕೆ ಎಂದು ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು ಹೇಳತೊಡಗಿದರು. ಅಣ್ಣೆಸೊಪ್ಪು ಯಾವುದು, ಗೋಣಿಸೊಪ್ಪು ಯಾವುದು ಎಂಬುದರಲ್ಲಿ ಇಬ್ಬರಿಗೆ ಜಗಳವೇ ಹತ್ತಿತು. ಮನೆಯಲ್ಲಿ ಆಡು ಮೇಯಿಸುವ ಹುಡುಗನೊಬ್ಬ, ಇದುವರೆಗೆ ತರಗತಿಯಲ್ಲಿ ಬಾಯಿ ಬಿಟ್ಟವನಲ್ಲವಂತೆ, ಯಾವುದನ್ನು ಆಡು ಮುಟ್ಟುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದನ್ನು ಒಂದೊಂದಾಗಿ ತೋರಿಸಿದ. ಹುಲ್ಲು ಎಂಬುದು ಕೂಡ ಒಂದಲ್ಲ, ಮೂರು ಬಗೆ ಎಂದು ಗೊತ್ತಾದುದು ಅವನಿಂದಲೇ. ಮುಕ್ಕಾಲು ಗಂಟೆಯ ಹೊತ್ತಿಗೆ ಪಟ್ಟಿಯಲ್ಲಿ 14 ಹೆಸರುಗಳಾದುವು. ಎರಡಕ್ಕೆ ಯಾರಲ್ಲೂ ಹೆಸರಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಅವಕ್ಕೆ ‘ಗುಂಡೆಲೆ’, ‘ಕೆಂಪುಕಾಂಡ’ ಎಂದು ಮಕ್ಕಳೇ ನಾಮಕರಣ ಮಾಡಿದರು. ಸಸ್ಯಶಾಸ್ತ್ರಜ್ಞರು ಕೇಳಿದರೆ ಕೋಪಿಸಿಕೊಳ್ಳಲಾರರೆಂದು ನಂಬಿದ್ದೇವೆ. ಅವರು ಲ್ಯಾಟಿನಿನಲ್ಲಿ ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ.

ಈ ಹದಿನಾಲ್ಕು ಹೆಸರುಗಳಲ್ಲಿ ಹನ್ನೆರಡು ಆ ಮಕ್ಕಳಿಗೆ ಮೊದಲೇ ತಿಳಿದಿದ್ದುವು. ಹಾಗಿದ್ದರೂ ಅವರು ಮೊದಲು ಹೇಳಿದ ಸಂಖ್ಯೆ ಮೂರು. ಏಕೆ? ಶಾಲೆಯಲ್ಲಿ ಕೇಳುವ ಪ್ರಶ್ನೆಗೆ ಮನೆಯಲ್ಲಿ ತಿಳಿದುದು ಉತ್ತರವಾಗಲಾರದೆಂದು ಅವರು ತಿಳಿದುಕೊಂಡಿದ್ದರು. ನಾವು ಓದಿದ ಶಾಲೆಯಲ್ಲಿಯೂ ಹಾಗೆಯೇ ಇತ್ತು. ದಾಸವಾಳದ ಹೂವಿನ ಭಾಗಗಳನ್ನು ನಮ್ಮ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬಹಳ ಅಂದವಾಗಿ ಬರೆಯುತ್ತಿದ್ದರು. ಕಿಟಕಿಯ ಹೊರಗೆ ದಾಸವಾಳದ ಗಿಡ ಮೈತುಂಬ ಹೂ ಬಿಟ್ಟಿರುತ್ತಿತ್ತು. ಒಂದನ್ನು ಕಿತ್ತು ತಂದವನಿಗೆ ಬೆತ್ತದ ಏಟು ಬಿತ್ತು, ತೋಟ ಹಾಳುಮಾಡಿದನೆಂದು.

ನಮ್ಮ ದೇಶದಲ್ಲಿ ಪರಿಸರ ಶಿಕ್ಷಣಕ್ಕೆ ಕೊರತೆಯೇನೂ ಇಲ್ಲ. ಪರಿಸರದ ವಿಷಯವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ, ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ, ನಿರ್ದೇಶಿಸಿತು. ಅಂದಿನಿಂದ ಪಠ್ಯಪುಸ್ತಕಗಳಲ್ಲಿ ಪಾಠಗಳು ಬಂದಿವೆ, ಪರೀಕ್ಷೆಗಳಲ್ಲಿ ಪ್ರಶ್ನೆಗಳು ಬಂದಿವೆ, ಶಾಲೆಗಳಲ್ಲಿ ಪರಿಸರ ಸಂಘಗಳು ಹುಟ್ಟಿಕೊಂಡಿವೆ. ಓಝೋನ್ ಪದರ ಎಲ್ಲಿದೆಯೆಂದು ಸೋಂಪುರದ ಮಕ್ಕಳೂ ಹೇಳಬಲ್ಲರು. ಅದು ಬೇಡವೆಂದು ನಮ್ಮ ವಾದವಲ್ಲ. ಆದರೆ ಓಝೋನ್ ಪದರವನ್ನು ಮಗುವು ಅಳೆಯಲಾರದು. ಮೇಷ್ಟ್ರು ಹೇಳಿದ್ದನ್ನು ನಂಬಬೇಕಷ್ಟೆ. ನಾಲ್ಕು ಗೂಟಗಳ ನಡುವಿನ ನೆಲದಲ್ಲಾದರೋ ಮೇಷ್ಟ್ರು ತಪ್ಪು ಹೇಳಿದರೆ ತೋರಿಸಿಕೊಡಬಹುದು.

ಒಂದು ಚದರ ಮೀಟರು ನೆಲದಿಂದ ಏನು ಮಹಾ ವಿದ್ಯೆ ಬಂದೀತು ಎಂದು ಕೇಳುವವರಿಗೆ ಡಾರ್ವಿನ್ನನ ಒಂದು ಲೆಕ್ಕವನ್ನು ಜ್ಞಾಪಿಸಬಹುದು. ಅವನು ತನ್ನ ಮನೆಯ ಬಳಿ ಮೂರಡಿ ಉದ್ದ, ಎರಡಡಿ ಅಗಲದ ನೆಲವನ್ನು ಅಗೆದು ಹಸನುಮಾಡಿ, ಅಲ್ಲಿ ತಾವಾಗಿಯೇ ಮೊಳೆತ ಕಳೆಯ ಸಸಿಗಳನ್ನು ಒಂದೊಂದಾಗಿ ಗುರುತುಹಾಕಿ ಎಣಿಸುತ್ತ ಹೋದ. ಮೊಳೆತದ್ದು 357. ಅವುಗಳಲ್ಲಿ 295 ಸಸಿಗಳು, ಮುಖ್ಯವಾಗಿ ಬಸವನಹುಳುವಿನ ಜಾತಿಯವೂ ಕೀಟಗಳೂ ತಿಂದುದರಿಂದ, ನಾಶವಾದುವು, ಉಳಿದುದು 62. ಜೀವಿಗಳಲ್ಲಿ ಬದುಕಿಗಾಗಿ ಎಂಥ ಹೋರಾಟವಿದೆಯೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ 1859ರ ಅವನ ಮಹಾಗ್ರಂಥದಲ್ಲಿ ಈ ಆರು ಚದರಡಿಯ ಲೆಕ್ಕವೂ ಸೇರಿದೆ. ಡಾರ್ವಿನ್ನನು ಐದು ವರ್ಷ ಹಡಗಿನಲ್ಲಿ ಪ್ರಪಂಚವನ್ನು ಸುತ್ತಿದವನು. ಆದರೆ ಈ ಲೆಕ್ಕಕ್ಕೆ ಅವನಿಗೆ ಬೇಕಾದುದು ದೂರ ದೇಶವಲ್ಲ, ಅದೇ ಜಾಗಕ್ಕೆ ದಿನವೂ ಹೋಗಿ ನೋಡುವ ತಾಳ್ಮೆ.

ಸೋಂಪುರದ ಚೌಕಕ್ಕೆ ಹಿಂತಿರುಗೋಣ. ಅದರ ಒಂದು ಮೂಲೆಯನ್ನು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೀನಿಯಂ, ಆಕ್ರಮಿಸಿಕೊಂಡಿತ್ತು. ಈ ಗಿಡ ಅಮೆರಿಕ ಖಂಡದ್ದು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ಮುಂದೆ ಎಲ್ಲೆಡೆ ಹಬ್ಬಿತು. ಮೈಗೆ ತಗುಲಿದರೆ ಕೆಲವರಿಗೆ ತುರಿಕೆ ಬರುತ್ತದೆ. ಸುತ್ತಲಿನ ಗಿಡಗಳನ್ನು ಬೆಳೆಯಗೊಡದ ರಸಾಯನವೂ ಅದರಲ್ಲಿದೆ. ಆಡಿನ ಹುಡುಗ ಅದನ್ನು ಕಂಡರೆ ಮುಖ ಸಿಂಡರಿಸಿದ. ಆದರೆ ಅವನಿಗೇ ಮೊದಲು ಕಂಡುದು ಅದರ ಎಲೆಗಳು ತೂತುತೂತಾಗಿವೆಯೆಂಬುದು. “ಯಾವ್ದೋ ತಿಂದೈತೆ ಸಾರ್. ಆಡೇ ತಿನ್ನಲ್ಲ, ಇನ್ಯಾವ್ದು ತಿಂತು?”

ಹುಡುಕಲು ಹೆಚ್ಚು ಹೊತ್ತಾಗಲಿಲ್ಲ. ಎಲೆಯ ಕೆಳಗೆ ಕಡಲೆಬೇಳೆಯಷ್ಟಿರುವ ಒಂದು ಜೀರುಂಡೆ. ಮಾಸಲು ಬಿಳಿಯ ಬೆನ್ನಿನ ಮೇಲೆ ಕಂದು ಬಣ್ಣದ ಪಟ್ಟೆಗಳು. ಎಲ್ಲರೂ ಭೂತಗನ್ನಡಿಗೆ ಮುಗಿಬಿದ್ದರು. ಅದೊಂದೇ ಗಿಡದಲ್ಲಿ ಏಳು ಸಿಕ್ಕಿದುವು. ಈ ಜೀರುಂಡೆಯ ಕಥೆ ನಮಗೆ ತಿಳಿದಿದ್ದುದು ನಮ್ಮ ಅದೃಷ್ಟ. ಪಾರ್ಥೀನಿಯಮ್ಮಿನ ತವರಿನಲ್ಲಿ ಅದನ್ನು ತಿಂದು ಹದ್ದಿನಲ್ಲಿಡುವ ಕೀಟಗಳುಂಟು. ಗಿಡವೊಂದೇ ಸಮುದ್ರ ದಾಟಿ ಬಂದಿತು, ಶತ್ರುಗಳು ಅಲ್ಲಿಯೇ ಉಳಿದುವು. ಹೀಗಿರಲು, ಆ ಶತ್ರುಗಳಲ್ಲಿ ಒಂದನ್ನು ಮೆಕ್ಸಿಕೋದಿಂದ ತರಿಸಿ, ಬೇರೆ ಬೆಳೆಗಳಿಗೆ ಹಾನಿಮಾಡುವುದೋ ಎಂದು ಪರೀಕ್ಷಿಸಿ, 1980ರ ದಶಕದಲ್ಲಿ ಶಾಸ್ತ್ರಜ್ಞರು ಬೆಂಗಳೂರಿನ ಸುತ್ತಮುತ್ತ ಬಿಟ್ಟರು. ಅದೇ ಈ ಪಟ್ಟೆಯ ಜೀರುಂಡೆ. ಅದರ ಹುಳುವೂ ತಿನ್ನುವುದು ಇದೇ ಎಲೆ.

“ಹಾಗಾದರೆ ಕಾಂಗ್ರೆಸ್ ಗಿಡ ಇನ್ನೂ ಯಾಕೆ ಐತೆ ಸಾರ್?” ಎಂದು ಒಬ್ಬಳು ಕೇಳಿದಳು. ಪಠ್ಯಪುಸ್ತಕದಲ್ಲಿ ಇಲ್ಲದ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಜೀರುಂಡೆಯು ವರ್ಷದುದ್ದಕ್ಕೂ ತಿನ್ನುವುದಿಲ್ಲ. ಮಳೆಗಾಲ ಕಳೆದು ಚಳಿ ಬರುತ್ತಲೂ ಬಹುಪಾಲು ಜೀರುಂಡೆಗಳು ಮಣ್ಣಿನೊಳಕ್ಕೆ ಇಳಿದು, ಆಹಾರವಿಲ್ಲದೆ, ಚಲನೆಯಿಲ್ಲದೆ ತಿಂಗಳುಗಟ್ಟಲೆ ಉಳಿದುಬಿಡುತ್ತವೆ. ಮುಂಗಾರು ಬಿದ್ದಮೇಲೆಯೇ ಮೇಲಕ್ಕೆ ಬರುವುದು. ಈ ನಡುವೆ ನೀರಿನ ಪಸೆಯಿರುವಲ್ಲೆಲ್ಲ ಗಿಡಕ್ಕೆ ಬೇಕಾದಷ್ಟು ಸಮಯ ಸಿಕ್ಕುತ್ತದೆ. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ನಾವು ಇಷ್ಟನ್ನು ಹೇಳಿ ನಿಲ್ಲಿಸಿದೆವು. ಮಣ್ಣಿನಲ್ಲಿ ಎಷ್ಟು ಆಳದಲ್ಲಿರುತ್ತದೆ, ಈ ನೆಲದಲ್ಲಿ ಎಂದು ಇಳಿಯುತ್ತದೆ ಎಂಬುದನ್ನು ಹೇಳಲಿಲ್ಲ. ನೋಟುಪುಸ್ತಕದ ಪುಟವೊಂದರ ನೆತ್ತಿಯಲ್ಲಿ ‘ಜೀರುಂಡೆ ಎಲ್ಲಿಗೆ ಹೋಗುತ್ತದೆ?’ ಎಂದು ಆ ಹುಡುಗಿಯ ಕೈಯಲ್ಲಿಯೇ ಬರೆಸಿ ಕೆಳಗಿನ ಜಾಗವನ್ನು ಖಾಲಿ ಬಿಟ್ಟರು.

ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಡಬ್ಬದ ಸರದಿ. ಹಾಲಿನ ಪುಡಿಯ ಡಬ್ಬದ ತಳವನ್ನು ಕತ್ತರಿಸಿ ಎರಡೂ ಕಡೆ ಬಾಯಿ ಮಾಡಿದ್ದರು. ಅದನ್ನು ಎರಡು ಬೆರಳಿನಷ್ಟು ನೆಲಕ್ಕೆ ಒತ್ತಿ ನಿಲ್ಲಿಸಿ, ಒಂದು ಲೀಟರು ನೀರು ಹೊಯ್ದು, ಅದು ಇಂಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡುವುದು. ಹೊಂಗೆಯ ಮರದ ಬುಡದಲ್ಲಿ, ಎಲೆ ಕೊಳೆತು ಎರೆಹುಳು ಆಡಿದ ಮಣ್ಣಿನಲ್ಲಿ, ನಾಲ್ಕು ನಿಮಿಷಕ್ಕೆ ಡಬ್ಬ ಬರಿದಾಯಿತು. ರಸ್ತೆಯಾಚೆಯ ನೀಲಗಿರಿಯ ತೋಪಿನಲ್ಲಿ, ಒಣ ತರಗಿನ ಕೆಳಗಿನ ಮಣ್ಣಿನ ಮೇಲೆ ನೀರು ಮೊದಲು ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಾಗಿ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು, ಹನ್ನೊಂದು ನಿಮಿಷ. ಮಕ್ಕಳೇ ದಿನವೂ ತುಳಿಯುವ ಕಾಲುದಾರಿಯಲ್ಲಿ ಅರ್ಧ ಗಂಟೆಯಾದರೂ ನೀರು ಡಬ್ಬದಲ್ಲಿ ಮುಖ ನೋಡಿಕೊಳ್ಳುವಂತೆ ನಿಂತೇ ಇತ್ತು.

ಇಲ್ಲಿ ನಮ್ಮ ಉಪಾಧ್ಯಾಯ ಮಿತ್ರರು ಮಾಡಿದ ಒಂದು ಕೆಲಸವನ್ನು ನಾವು ಮರೆಯಲಾರೆವು. ಹುಡುಗರು ಆಗಲೇ ‘ನೀಲಗಿರಿ ನೀರು ಇಂಗಗೊಡುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯಲು ಹೊರಟಿದ್ದರು. “ನಿಲ್ಲಿ, ಇನ್ನೊಂದು ಕಡೆ ಹೊಯ್ಯೋಣ” ಎಂದು ಅದೇ ಹೊಂಗೆಯ ಇನ್ನೊಂದು ಮಗ್ಗುಲಲ್ಲಿ ಡಬ್ಬ ನಿಲ್ಲಿಸಿದರು. ಅಲ್ಲಿ ಒಂಬತ್ತು ನಿಮಿಷ ಹಿಡಿಯಿತು! ಮಕ್ಕಳ ಮುಖ ಸಣ್ಣಗಾಯಿತು. ಅಗೆದು ನೋಡಿದರೆ ಕೆಳಗೆ ಒಂದು ಚಪ್ಪಟೆ ಕಲ್ಲು. ಒಂದು ಡಬ್ಬದ ಸಾಕ್ಷಿಯನ್ನು ನಂಬಬಾರದು, ಒಂದೊಂದು ಜಾಗದಲ್ಲಿಯೂ ಮೂರು ಸಲವಾದರೂ ಹೊಯ್ಯಬೇಕು ಎಂಬುದನ್ನು ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಅದಾದಮೇಲೆ ಲೆಕ್ಕ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು ನೀರು. ನೆಲಮಂಗಲದ ಕಡೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 800ರಿಂದ 900 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಎಂದರೆ, ಹಗ್ಗ ಕಟ್ಟಿದ ಆ ಚೌಕವೊಂದರ ಮೇಲೆಯೇ ವರ್ಷಕ್ಕೆ 800 ಲೀಟರಿಗಿಂತ ಹೆಚ್ಚು. 15 ಲೀಟರಿನ ಕೊಡದಲ್ಲಿ ಐವತ್ತಕ್ಕೂ ಮಿಕ್ಕಿ ಕೊಡ. ಕೊಳವೆಬಾವಿಯ ನಲ್ಲಿಯ ಮುಂದೆ ಸರದಿ ನಿಂತು ಕೊಡ ಹೊತ್ತು ಅಭ್ಯಾಸವಿರುವ ಹೆಣ್ಣುಮಕ್ಕಳಿಗೆ ಈ ಸಂಖ್ಯೆಯ ಭಾರ ತಟ್ಟನೆ ತಿಳಿಯಿತು. “ಇಷ್ಟೊಂದು ನೀರು ಎಲ್ಲೋಗುತ್ತೆ ಸಾರ್?”

ಈ ಪ್ರಶ್ನೆ ಆ ಶಾಲೆಯ ಅಂಗಳವನ್ನು ದಾಟಿ ಬೆಂಗಳೂರಿನವರೆಗೂ ಹೋಗುವಂಥದು. ಶಿವಗಂಗೆಯ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಯು ನೆಲಮಂಗಲ, ಮಾಗಡಿಗಳ ಕಡೆಯಿಂದ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಆ ಸಂಗಮದಲ್ಲಿ 1933ರಲ್ಲಿ ಪೂರ್ಣಗೊಂಡ ಚಾಮರಾಜಸಾಗರ ಜಲಾಶಯವೇ ಬಹುಕಾಲ ಬೆಂಗಳೂರಿನ ಬಾಯಾರಿಕೆಯನ್ನು ನೀಗಿದುದು. ಅದಕ್ಕೆ ನೀರುಣಿಸುವ ಜಲಾನಯನದ ವಿಸ್ತಾರ 1,400 ಚದರ ಕಿಲೋಮೀಟರಿಗೂ ಮಿಕ್ಕದ್ದು. ಅಂಥ ಜಲಾಶಯಕ್ಕೆ ಹರಿದುಬರುವ ನೀರು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಯಿತು. ಮಳೆ ಕಡಿಮೆಯಾಯಿತು, ಅದಕ್ಕೇ ನದಿ ಬತ್ತಿತು ಎಂಬುದು ಜನರ ಸಾಮಾನ್ಯವಾದ ಮಾತು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಮಾತನ್ನು ಪರೀಕ್ಷೆಗೆ ಹಚ್ಚಿದರು. ಅವರು ಕಂಡುಕೊಂಡಂತೆ, ಮಳೆಯಾಗಲಿ ಹವೆಯಾಗಲಿ ಮುಖ್ಯ ಅಪರಾಧಿಯಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಎತ್ತಿದುದು, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ಹಬ್ಬಿದುದು, ಸ್ವಲ್ಪಮಟ್ಟಿಗೆ ಹಳ್ಳಗಳಿಗೆ ಅಡ್ಡಿಗಳು ಬಂದುದು, ಇವು ಕಾರಣಗಳು. ರಾಗಿಯ ಬೇರು ಮೇಲುಮೇಲೆಯೇ ಇದ್ದು, ಕಟಾವಿನೊಡನೆ ಅದರ ನೀರಿನ ಬಳಕೆ ಮುಗಿಯುತ್ತದೆ. ನೀಲಗಿರಿಯು ಆಳಕ್ಕೆ ಬೇರಿಳಿಸಿ ಹನ್ನೆರಡು ತಿಂಗಳೂ ಕುಡಿಯುತ್ತದೆ. ಆದುದರಿಂದ ಡಬ್ಬದ ಹನ್ನೊಂದು ನಿಮಿಷಕ್ಕಿಂತಲೂ ಮುಖ್ಯವಾದುದು ಡಬ್ಬದಿಂದ ಅಳೆಯಲಾಗದ ಈ ಬೇರಿನ ಸಂಗತಿ ಎಂಬುದನ್ನು ಮಕ್ಕಳಿಗೆ ಹೇಳಬೇಕಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು. ಹಳೆಯ ತೋಪುಗಳು ಕಡಿದಷ್ಟೂ ಚಿಗುರುತ್ತಲೇ ಇವೆ.

ಆ ಪ್ರಬಂಧದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ತಾವು ಅಧ್ಯಯನ ಮಾಡಿದ ಸೀಮೆಯನ್ನು ಲೇಖಕರು ಶೀರ್ಷಿಕೆಯಲ್ಲಿಯೇ ‘ಅಂಕಿ ಅಂಶಗಳ ಅಭಾವವಿರುವ ಪ್ರದೇಶ’ ಎಂಬರ್ಥದ ಮಾತಿನಿಂದ ಕರೆದಿದ್ದಾರೆ. ದೊಡ್ಡ ನಗರವೊಂದರ ಮಗ್ಗುಲಲ್ಲಿ, ವಿಜ್ಞಾನದ ಮಂದಿರಗಳಿಂದ ಒಂದು ಹಗಲಿನ ನಡಿಗೆಯ ದೂರದಲ್ಲಿ, ನೀರಿಗೆ ಬರ ಬಂದದ್ದಲ್ಲದೆ ನೀರಿನ ಲೆಕ್ಕಕ್ಕೂ ಬರ! ಯಾವ ಬಾವಿಯಲ್ಲಿ ಯಾವ ತಿಂಗಳು ಎಷ್ಟು ಮೊಳ ನೀರಿತ್ತು, ಯಾವ ಹಳ್ಳ ಎಷ್ಟು ದಿನ ಹರಿಯಿತು ಎಂಬುದನ್ನು ಬರೆದಿಟ್ಟವರು ಬಹಳ ಕಡಿಮೆ. ಮುದುಕರ ನೆನಪಿನಲ್ಲಿ ಉಂಟು, ಅವರೊಡನೆಯೇ ಹೋಗುತ್ತದೆ. ಒಂದು ಶಾಲೆಯ ಮಕ್ಕಳು ಒಂದು ಬಾವಿಗೆ ಪ್ರತಿ ಸೋಮವಾರವೂ ಗಂಟು ಹಾಕಿದ ಹಗ್ಗ ಇಳಿಬಿಟ್ಟು ಅಳೆದು ಬರೆದಿದ್ದರೆ, 30 ವರ್ಷದಲ್ಲಿ 1,500 ಅಳತೆಗಳಾಗುತ್ತಿದ್ದುವು. ಖರ್ಚು, ಹಗ್ಗದ ಬೆಲೆ.

ಇದು ಬರಿಯ ಹಗಲುಗನಸಲ್ಲ. ಇಂಥ ಕೆಲಸಗಳು ನಮ್ಮ ನಾಡಿನಲ್ಲಿ ನಡೆದಿವೆ. ಮಕ್ಕಳನ್ನು ಗೋಡೆಯಿಂದ ಹೊರಗೆ ತರುವ ಪ್ರಯೋಗವನ್ನು ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಬಹಳ ಹಿಂದೆಯೇ ಮಾಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಊರುಗಳ ಕಾಲೇಜು ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು ಗಿಡ, ಹಕ್ಕಿ, ಚಿಟ್ಟೆಗಳ ಎಣಿಕೆ ಮಾಡಿಸಿದರು. ಪರಿಣತರು ಮಾತ್ರವೇ ಮಾಡಬಲ್ಲರೆಂದುಕೊಂಡಿದ್ದ ಕೆಲಸವನ್ನು ತಾಲ್ಲೂಕು ಕೇಂದ್ರದ ಹುಡುಗರೂ ಮಾಡಬಲ್ಲರೆಂದು ಅದರಿಂದ ತಿಳಿಯಿತು. ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ವಿದ್ಯಾರ್ಥಿಗಳ ಕೈಗೆ ತಕ್ಕ ಕ್ಷೇತ್ರಪುಸ್ತಕಗಳನ್ನು ಹೊರತರುವ ಯೋಜನೆಯನ್ನು ಹಾಕಿಕೊಂಡಿತು. ಕೃಷ್ಣಮೇಘ ಕುಂಟೆಯವರು ಬರೆದ ದಕ್ಷಿಣ ಭಾರತದ ಚಿಟ್ಟೆಗಳ ಪುಸ್ತಕ 2000ದಲ್ಲಿ ಬಂದುದು ಈ ಯೋಜನೆಯಿಂದಲೇ. ಈಚೆಗೆ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳು ಒಂದೊಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ಗುರುತಿಸುತ್ತಾರೆ. ಕೇರಳದ ಶಾಲೆಗಳಲ್ಲಿ ಇದು ಚೆನ್ನಾಗಿ ಬೇರೂರಿದೆ. ವಿಷುವಿಗೆ ಅರಳಬೇಕಾದ ಕೊನ್ನೆ, ನಮ್ಮ ಕಕ್ಕೆ, ಈಗೀಗ ಹೊತ್ತಲ್ಲದ ಹೊತ್ತಿನಲ್ಲಿ ಅರಳುತ್ತಿದೆಯೆಂಬ ಮಾತು ನಿಜವೋ ಅಲ್ಲವೋ ಎಂಬುದು ಇಂಥ ಲೆಕ್ಕಗಳಿಂದ ತಾನೆ ತೀರ್ಮಾನವಾಗಬೇಕು?

ನಾಗರಹೊಳೆ, ಬಂಡೀಪುರಗಳ ಅಂಚಿನ ಹಳ್ಳಿಗಳ ಶಾಲೆಗಳಲ್ಲಿ 2018ರಿಂದ ‘ವೈಲ್ಡ್ ಶಾಲೆ’ ಎಂಬ ಪಾಠಗಳೂ ನಡೆದಿವೆ. ಅರಣ್ಯ ಇಲಾಖೆಯು ‘ಚಿಣ್ಣರ ವನದರ್ಶನ’ವೆಂದು ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಒಳ್ಳೆಯದೇ. ಆನೆಯನ್ನು ಕಂಡ ಮಗು ಆನೆಯನ್ನು ಮರೆಯದು. ಆದರೆ ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವ ಪ್ರವಾಸವೊಂದರಿಂದಲೇ ಜೀವಪರಿಸರದ ಪಾಠವಾಯಿತೆಂದು ನಾವು ಒಪ್ಪಲಾರೆವು. ಒಂದು ಸಲ ನೋಡಿದರೆ ಅದು ನೋಟ. ಎರಡನೆಯ ಸಲ ನೋಡಿದಾಗಲೇ ವ್ಯತ್ಯಾಸ ಕಾಣುವುದು, ವ್ಯತ್ಯಾಸ ಕಂಡಾಗಲೇ ಪ್ರಶ್ನೆ ಹುಟ್ಟುವುದು. ಎರಡನೆಯ ಸಲ ಹೋಗಬೇಕಾದರೆ ಜಾಗವು ನಡಿಗೆಯ ದೂರದಲ್ಲಿರಬೇಕು.

ಮಕ್ಕಳ ಈ ಬರಹಕ್ಕೆ ಕಾನೂನಿನ ಒಂದು ಆಸರೆಯೂ ಉಂಟು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಸಮಿತಿಯೊಂದನ್ನು ರಚಿಸಿ, ತನ್ನ ಎಲ್ಲೆಯೊಳಗಿನ ಸಸ್ಯ, ಪ್ರಾಣಿ, ಅವುಗಳ ಬಗ್ಗೆ ಜನರಲ್ಲಿರುವ ತಿಳಿವಳಿಕೆ ಇವನ್ನೆಲ್ಲ ದಾಖಲೆ ಮಾಡಬೇಕು. ತುಂಬೆಯನ್ನು ಗುರುತಿಸಿದ ಹುಡುಗಿಯ ಅಜ್ಜಿ, ಆಡು ಮೇಯಿಸುವ ಹುಡುಗ, ಇವರ ತಿಳಿವಳಿಕೆ ಅದರಲ್ಲಿ ಬರಬೇಕಾದುದೇ. ದಾಖಲೆಯ ಪುಸ್ತಕವನ್ನು ಯಾರೋ ಗುತ್ತಿಗೆಗೆ ಹಿಡಿದು ಎಲ್ಲಿಂದಲೋ ಪಟ್ಟಿಯನ್ನು ನಕಲುಮಾಡಿ ತುಂಬುವುದಕ್ಕಿಂತ, ಏಳನೆಯ ತರಗತಿಯ ಹದಿನಾಲ್ಕು ಹೆಸರುಗಳೇ ಮೇಲೆಂದು ನಮಗೆ ತೋರುತ್ತದೆ.

ಕಷ್ಟಗಳಿಲ್ಲವೆಂದಲ್ಲ. ನಮ್ಮ ಸ್ನೇಹಿತರು ಒಂದೊಂದಾಗಿ ಹೇಳಿಕೊಂಡರು. ಹಾವಿನ ಭಯವಿದೆ, ಆದುದರಿಂದ ಮೊದಲು ಕೋಲಿನಿಂದ ಹುಲ್ಲು ಬಡಿದ ಮೇಲೆಯೇ ಮಕ್ಕಳು ಕೂರತಕ್ಕದ್ದು, ಕಲ್ಲನ್ನು ಬರಿಗೈಯಲ್ಲಿ ಎತ್ತತಕ್ಕದ್ದಲ್ಲ. ಕಾಂಗ್ರೆಸ್ ಗಿಡ ಮುಟ್ಟಿದವರು ಸೋಪು ಹಚ್ಚಿ ಕೈತೊಳೆಯಬೇಕು. “ಓದೋಕೆ ಕಳ್ಸಿದ್ರೆ ಮಣ್ಣಾಡಿಸ್ತೀರಲ್ಲ ಮೇಷ್ಟ್ರೇ” ಎಂದು ಕೇಳುವ ತಂದೆತಾಯಿಗಳಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ: ಮಣ್ಣಿನಿಂದ ತಪ್ಪಿಸಲೆಂದೇ ಅಲ್ಲವೆ ಅವರು ಮಕ್ಕಳನ್ನು ಶಾಲೆಗೆ ಕಳಿಸಿದುದು? ಪರೀಕ್ಷೆಗೆ ಮುಗಿಸಬೇಕಾದ ಪಾಠಗಳು ಬೇರೆ. ತಿಂಗಳಿಗೆ ಎರಡು ಶನಿವಾರ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದರು. ಎಲ್ಲಕ್ಕಿಂತ ದೊಡ್ಡ ಚಿಂತೆ ಆ ನೆಲದ್ದೇ. ಸುತ್ತಲಿನ ಹೊಲಗಳಿಗೆ ಬೆಲೆ ಬಂದಿದೆ. ಒಂದೊಂದಾಗಿ ಬೇಲಿ, ಗೋಡೆಗಳು ಏಳುತ್ತಿವೆ. ಮುಂದಿನ ವರ್ಷದ ಏಳನೆಯ ತರಗತಿಗೆ ಆ ಚೌಕ ಇರುವುದೋ ಇಲ್ಲವೋ.

ಡಿಸೆಂಬರಿನ ಒಂದು ಶನಿವಾರ ನಾವು ಮತ್ತೆ ಹೋದೆವು. ಬೆಳಗಿನ ಚಳಿ ಚುರುಕಾಗಿತ್ತು. ಶಿವಗಂಗೆಯ ನೆತ್ತಿ ಮಂಜಿನಲ್ಲಿ ಮುಳುಗಿತ್ತು. ಎರಡು ಗೂಟಗಳು ಕಾಣೆಯಾಗಿದ್ದುವು, ಯಾರದೋ ಒಲೆಗೆ ಹೋಗಿರಬೇಕು. ಮಕ್ಕಳು ಕಾಂಪೌಂಡಿನ ಮೂಲೆಯಿಂದ ಹೆಜ್ಜೆ ಅಳೆದು, ಉಳಿದ ಎರಡು ಗೂಟಗಳಿಗೆ ಹಗ್ಗ ಹಿಡಿದು, ಚೌಕವನ್ನು ಮತ್ತೆ ಗುರುತಿಸಿದರು. ನಮ್ಮನ್ನು ಯಾರೂ ಏನನ್ನೂ ಕೇಳಲಿಲ್ಲ. ತುಂಬೆ ಒಣಗಿ ಕಡ್ಡಿಯಾಗಿತ್ತು. ‘ಗುಂಡೆಲೆ’ ಮಾಯವಾಗಿತ್ತು. ‘ಕೆಂಪುಕಾಂಡ’ ಹೂ ಬಿಟ್ಟಿದ್ದುದರಿಂದ ಅದನ್ನು ಪುಸ್ತಕದಲ್ಲಿ ಹುಡುಕುವ ಹಾಗಾಗಿತ್ತು. ಎಣಿಕೆ 14ರಿಂದ 8ಕ್ಕೆ ಇಳಿದಿತ್ತು. ಕಾಂಗ್ರೆಸ್ ಗಿಡ ಬಡವಾಗಿದ್ದರೂ ನಿಂತಿತ್ತು. ಅದರ ಮೇಲೆ ಒಂದೂ ಜೀರುಂಡೆಯಿರಲಿಲ್ಲ.

ಚೌಕದ ಒಳಗೆ ಅಗೆಯುವಂತಿಲ್ಲವಾದುದರಿಂದ, ಹೊರಗೆ, ಇನ್ನೊಂದು ಕಾಂಗ್ರೆಸ್ ಗಿಡದ ಬುಡದಲ್ಲಿ ಕುಳಿತರು. ಆಡಿನ ಹುಡುಗ ಚಿಕ್ಕ ಕುರ್ಚಿಗೆಯಿಂದ ಮಣ್ಣನ್ನು ಪದರ ಪದರವಾಗಿ ಬಿಡಿಸುತ್ತ ಹೋದ. ಪ್ರಶ್ನೆ ಕೇಳಿದ್ದ ಹುಡುಗಿ ಅಳತೆಪಟ್ಟಿ ಹಿಡಿದು ಪಕ್ಕದಲ್ಲಿ ಕುಳಿತಳು. ಮೊದಲನೆಯ ಗುಂಡಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಒಂದು ಎರೆಹುಳು. ಮೂರನೆಯದರಲ್ಲಿ, ಮಣ್ಣುಂಡೆಯೊಂದನ್ನು ಬೆರಳಿನಲ್ಲಿ ಒಡೆದಾಗ, ಪಟ್ಟೆಯ ಬೆನ್ನು ಕಾಣಿಸಿತು. ಸತ್ತಿದೆಯೆಂದು ಒಬ್ಬರು, ಇಲ್ಲವೆಂದು ಒಬ್ಬರು. ಹುಡುಗಿ ಅದನ್ನು ಅಂಗೈಯ ಮೇಲಿಟ್ಟುಕೊಂಡು ಇನ್ನೊಂದು ಅಂಗೈಯನ್ನು ಮೇಲೆ ಕವುಚಿ ಸ್ವಲ್ಪ ಹೊತ್ತು ಹಿಡಿದಳು. ತೆರೆದು ನೋಡಿದಾಗ ಒಂದು ಕಾಲು ಅಲ್ಲಾಡಿತು.

ಅದನ್ನು ಇದ್ದಲ್ಲಿಯೇ ಇಟ್ಟು ಮಣ್ಣು ಮುಚ್ಚಿದರು. ಕೈ ತೊಳೆದುಕೊಂಡು ಬಂದು, ಆರು ತಿಂಗಳಿನಿಂದ ಖಾಲಿ ಬಿಟ್ಟಿದ್ದ ಪುಟವನ್ನು ತೆಗೆದು, ತಾರೀಖು ಹಾಕಿ ಅವಳು ಬರೆದಳು: ‘ಆಳ 5 ಸೆಂಟಿಮೀಟರು. ಒಂದು ಸಿಕ್ಕಿತು. ಬದುಕಿದೆ.’